ದಂಡ ಕಟ್ಟಿದವರ ಮಾತು

ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ನನ್ನ ಸರ್ವಿಸ್ಸಿನ ಬಹುಪಾಲು ಕಳೆದದ್ದು ದಂಡ ವಸೂಲಿಯ ರಿಜಿಸ್ಟರಿನ ಮುಂದೆ. ಹೆಸರು, ಕೇಸ್ ನಂಬರು, ಕಲಂ, ದಂಡದ ಮೊತ್ತ, ರಸೀದಿ ನಂಬರು, ಕೊನೆಗೆ ಸಹಿ ಇಲ್ಲವೇ ಹೆಬ್ಬೆಟ್ಟು. ನಾನು ಒಂದೇ ಬಗೆಯಲ್ಲಿ ಬರೆಯುತ್ತಿದ್ದ ಆ ಪದವನ್ನು ಕೌಂಟರಿನ ಆಚೆ ನಿಂತವರು ಬೇರೆ ಬೇರೆ ಬಗೆಯಲ್ಲಿ ಆಡುತ್ತಿದ್ದರು. 'ದಂಡ ಕಟ್ಟೋಕೆ ಬಂದಿದೀನಿ ಕಣಮ್ಮ' ಎನ್ನುವವರಿದ್ದರು. 'ಎಷ್ಟು ದಂಡ ತೆರಬೇಕು ಹೇಳಿ' ಎನ್ನುವವರಿದ್ದರು. ರಸೀದಿ ಮಡಿಚಿ ಜೇಬಿಗಿಟ್ಟು ಮೆಟ್ಟಿಲಿಳಿಯುವಾಗ ಹೆಂಡತಿಗೆ 'ವಾರದ ಕೂಲಿ ಪೂರ್ತಿ ದಂಡ ಆಯ್ತು ನೋಡು' ಎನ್ನುವವರೂ ಇದ್ದರು. ಮೊದಲಿನ ಎರಡು ಮಾತಿನಲ್ಲಿ ದಂಡವೆಂದರೆ ಕೋರ್ಟು ಹಾಕಿದ ಹಣ. ಮೂರನೆಯದರಲ್ಲಿ ಅದು ವ್ಯರ್ಥ, ಹಾಳು. ಎದುರಿನ ಮಿನಿ ವಿಧಾನಸೌಧದ ಹಲಗೆಯ ಮೇಲೆ ಅದೇ ಪದ 'ತಹಶೀಲ್ದಾರ್ ಹಾಗೂ ತಾಲ್ಲೂಕು ದಂಡಾಧಿಕಾರಿಗಳು' ಎಂದು ಅಧಿಕಾರದ ಹೆಸರಾಗಿ ನಿಂತಿತ್ತು.

ಒಂದು ಪದ ಹಿಡಿದವನ ಕೈಯಲ್ಲಿ ಅಧಿಕಾರ, ಕೊಟ್ಟವನ ಬಾಯಲ್ಲಿ ವ್ಯರ್ಥ. ಈ ಅಂತರ ನನ್ನನ್ನು ಬಿಡದೆ ಕಾಡಿತು. ಕೈಗೆ ಸಿಕ್ಕ ಕೋಶ, ಶಾಸನ ಸಂಪುಟ, ಧರ್ಮಶಾಸ್ತ್ರದ ಅನುವಾದಗಳನ್ನು ಓದುತ್ತಾ ಬಂದೆ. ಹಾಗೆ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪದ ಹುಟ್ಟಿದ್ದೆಲ್ಲಿ ಎಂಬ ಚರ್ಚೆ ಬಲು ಹಳೆಯದು. ವೇದದ ಪದಗಳನ್ನು ಬಿಡಿಸಿ ಹೇಳಿದ ಯಾಸ್ಕ ತನ್ನ ನಿರುಕ್ತದಲ್ಲಿ 'ದಂಡ್ಯ' ಎಂಬುದನ್ನು ಎತ್ತಿಕೊಂಡು ಎರಡು ವಿವರಣೆ ಕೊಡುತ್ತಾನೆ. ಒಂದು, ಹಿಡಿದುಕೊಳ್ಳುವುದು ಎಂಬ ಅರ್ಥದ ಧಾತುವಿನಿಂದ ದಂಡ ಬಂತು ಎಂಬುದು. ಅದಕ್ಕೆ ಸಾಕ್ಷಿಯಾಗಿ ಅಕ್ರೂರ ಮಣಿಯನ್ನು ಹಿಡಿದಿದ್ದಾನೆ ಎಂದು ಜನ ಆಡುವ ಮಾತನ್ನು ತರುತ್ತಾನೆ. ಸ್ಯಮಂತಕ ಮಣಿಯ ಕಥೆ ಆಗಲೇ ಜನರ ಬಾಯಲ್ಲಿತ್ತು ಎಂಬುದು ಇಲ್ಲಿ ಸಿಗುವ ಇನ್ನೊಂದು ಲಾಭ. ಎರಡನೆಯದು ಔಪಮನ್ಯವ ಎಂಬಾತನ ಅಭಿಪ್ರಾಯ. ಅವನ ಪ್ರಕಾರ ದಮನದಿಂದ, ಅಂದರೆ ಬಗ್ಗಿಸುವುದರಿಂದ, ದಂಡ. ಗೌತಮ ಧರ್ಮಸೂತ್ರ ಈ ಎರಡನೆಯದರ ಪಕ್ಷ ಹಿಡಿಯಿತು. ಬಗ್ಗದವರನ್ನು ಬಗ್ಗಿಸುವುದೇ ದಂಡದ ಕೆಲಸ ಎಂದು ಅದು ರಾಜನಿಗೆ ಹೇಳುತ್ತದೆ. ಧರ್ಮಶಾಸ್ತ್ರಗಳು ಮುಂದೆ ನಡೆದದ್ದೆಲ್ಲ ಇದೇ ಹಾದಿಯಲ್ಲಿ. ನನಗೆ ಯಾಸ್ಕನ ಮೊದಲ ವಿವರಣೆಯೇ ಮೇಲೆನಿಸುತ್ತದೆ. ಕೋಲು ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಯಾರ ಮೇಲೆ ಬೀಸಬೇಕು ಎಂಬುದು ಆಮೇಲಿನ ಮಾತು.

ಈಚಿನ ಭಾಷಾಶಾಸ್ತ್ರಜ್ಞರು ಇನ್ನೂ ಹಿಂದಕ್ಕೆ ಹೋದರು. ಮರ ಎಂಬ ಅರ್ಥದ ಗ್ರೀಕ್ ಪದ ದೆಂದ್ರೊನ್ ಜೊತೆ ದಂಡವನ್ನು ಹೋಲಿಸಿದವರಿದ್ದಾರೆ. ಮುಂಡಾ ಭಾಷೆಗಳ ಕಡೆ ಕೈ ತೋರಿಸಿದವರಿದ್ದಾರೆ. ಇದು ದ್ರಾವಿಡ ಮೂಲದ್ದು, ಸಂಸ್ಕೃತ ಎರವಲು ಪಡೆಯಿತು ಎಂದವರೂ ಇದ್ದಾರೆ. ಕೊನೆಯವರ ವಾದಕ್ಕೆ ಆಧಾರ ನಮ್ಮ ಅಡುಗೆಮನೆಯಲ್ಲೇ ಇದೆ. ತಮಿಳಿನಲ್ಲಿ ಗಿಡದ ಕಾಂಡಕ್ಕೆ ತಂಡು, ಬಾಳೆಯ ದಿಂಡು ಅವರಿಗೆ ವಾಳೆತ್ತಂಡು. ನಮ್ಮಲ್ಲಿ ಅದು ದಂಟು, ದಂಟಿನ ಸೊಪ್ಪಿನ ದಂಟು, ಜೋಳದ ದಂಟು. ರಾಜನ ರಾಜದಂಡ ಜೋಳದ ಹೊಲದಿಂದ ಎದ್ದು ಬಂದಿರಬಹುದು ಎಂಬ ಯೋಚನೆ ನನಗೆ ಬಹಳ ಹಿಡಿಸಿತು.

ಕೋಲಿನ ಕಥೆಗೆ ಬರೋಣ. ಮುಂಜಿಯಾದ ವಟುವಿನ ಕೈಗೆ ಮುತ್ತುಗದ ದಂಡ ಕೊಡುವುದನ್ನು ನೀವು ನೋಡಿರುತ್ತೀರಿ. ಅದು ಹೊಡೆಯುವ ಕೋಲಲ್ಲ. ಗುರುವಿನ ಮನೆಗೆ ಹೊರಟ ಹುಡುಗನಿಗೆ ಕಾಡುದಾರಿಯ ಆಸರೆ. ಆದರೆ ಆ ಆಸರೆಗೂ ಮನುಸ್ಮೃತಿ ಅಳತೆ ಹಾಕಿತು. ಬ್ರಾಹ್ಮಣ ವಟುವಿನ ಕೋಲು ನೆತ್ತಿಗೂದಲವರೆಗೆ, ಕ್ಷತ್ರಿಯನದು ಹಣೆಯವರೆಗೆ, ವೈಶ್ಯನದು ಮೂಗಿನವರೆಗೆ. ನಾಲ್ಕನೆಯ ವರ್ಣದ ಹುಡುಗನಿಗೆ ಮುಂಜಿಯೂ ಇಲ್ಲ, ಕೋಲೂ ಇಲ್ಲ. ಸಂನ್ಯಾಸಿಯ ದಂಡದಲ್ಲೂ ಭೇದ ಬೆಳೆಯಿತು. ಮಾತು, ಮನಸ್ಸು, ದೇಹ ಮೂರನ್ನೂ ಹತೋಟಿಯಲ್ಲಿಟ್ಟವನು ತ್ರಿದಂಡಿ ಎಂಬ ಮಾತು ಮನುವಿನಲ್ಲಿದೆ. ಶ್ರೀವೈಷ್ಣವ ಯತಿಗಳು ಮೂರು ಕೋಲು ಕಟ್ಟಿದ ತ್ರಿದಂಡ ಹಿಡಿದರೆ ಅದ್ವೈತ ಯತಿಗಳದು ಏಕದಂಡ. ಮೇಲುಕೋಟೆಗೂ ಶೃಂಗೇರಿಗೂ ಹೋಗಿ ಬಂದವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಇಲ್ಲಿ ದಂಡ ಇನ್ನೊಬ್ಬರ ಮೇಲೆ ಬೀಸುವುದಲ್ಲ, ತನ್ನನ್ನೇ ತಾನು ತಿದ್ದಿಕೊಳ್ಳುವುದು.

'ದಂಡಂ ದಶಗುಣಂ' ಎಂಬ ಮಾತನ್ನು ನಮ್ಮ ಕೋರ್ಟಿನ ಆವರಣದಲ್ಲಿ ಪೊಲೀಸಿನವರಿಂದ ಎಷ್ಟೋ ಸಲ ಕೇಳಿದ್ದೇನೆ. ಬುದ್ಧಿ ಹೇಳಿ ಆಗದ್ದು ಏಟು ಕೊಟ್ಟರೆ ಆಗುತ್ತದೆ ಎಂಬುದು ಅವರ ಭಾವ, ಮನೆಗಳಲ್ಲೂ ಶಾಲೆಗಳಲ್ಲೂ ಇದೇ ಭಾವ. ಆ ಸುಭಾಷಿತ ಹೇಳುವುದು ಬೇರೆಯೇ. ಕೋಲೊಂದು ಕೈಯಲ್ಲಿದ್ದರೆ ಹತ್ತು ಕಡೆ ಉಪಯೋಗಕ್ಕೆ ಬರುತ್ತದೆ ಎಂದು ಅದು ಪಟ್ಟಿ ಕೊಡುತ್ತದೆ. ಹಕ್ಕಿ ಓಡಿಸಲು, ನಾಯಿ ಬಂದರೆ, ಶತ್ರು ಎದುರಾದರೆ, ಹಾವು ಕಂಡರೆ, ದನ ಕಾಯುವಾಗ, ಕೆಸರಿನಲ್ಲಿ, ನೀರಿನಲ್ಲಿ, ಕಣ್ಣು ಕಾಣದವನಿಗೆ, ಕತ್ತಲಲ್ಲಿ, ಮುಪ್ಪಿನಲ್ಲಿ. ಹತ್ತರಲ್ಲಿ ಅರ್ಧ ಬರೀ ಊರುಗೋಲಿನ ಕೆಲಸ. ಮನುಷ್ಯನನ್ನು ತಿದ್ದಲು ಹೊಡೆಯಬೇಕು ಎಂಬುದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹಿಂದುಮುಂದು ಬಿಟ್ಟು ಎರಡು ಪದ ಮಾತ್ರ ಹಿಡಿದುಕೊಂಡು ಎಷ್ಟು ಮಕ್ಕಳ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿದ್ದೇವೆ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಊರುಗೋಲು ಶಿಕ್ಷೆಯಾದದ್ದು ರಾಜನ ಕೈ ಸೇರಿದ ಮೇಲೆ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ದಂಡ ಬರೀ ವಸ್ತುವಲ್ಲ, ಕಪ್ಪು ಮೈಯ ಕೆಂಗಣ್ಣಿನ ಒಬ್ಬ ಪುರುಷ. ಅವನು ತಿರುಗಾಡುವಲ್ಲಿ ಪ್ರಜೆಗಳು ದಾರಿ ತಪ್ಪುವುದಿಲ್ಲವಂತೆ. ಅವನಿಲ್ಲದಿದ್ದರೆ ಬಲವಿದ್ದವರು ಬಲವಿಲ್ಲದವರನ್ನು ಮೀನು ಸುಟ್ಟಂತೆ ಸುಡುತ್ತಾರಂತೆ. ಬಲವಿಲ್ಲದವರ ಮೇಲೆ ಇಷ್ಟು ಕಾಳಜಿ ತೋರುವ ಗ್ರಂಥವೇ ಮುಂದಿನ ಅಧ್ಯಾಯದಲ್ಲಿ ಬೈಗುಳಕ್ಕೆ ದಂಡ ಹೇಳುವಾಗ ಬಣ್ಣ ಬದಲಿಸುತ್ತದೆ. ಬ್ರಾಹ್ಮಣನನ್ನು ಬೈದ ಕ್ಷತ್ರಿಯನಿಗೆ ನೂರು ಪಣ, ಶೂದ್ರನನ್ನು ಬೈದ ಬ್ರಾಹ್ಮಣನಿಗೆ ಹನ್ನೆರಡು ಪಣ. ಬ್ರಾಹ್ಮಣನನ್ನು ಬೈದ ಶೂದ್ರನಿಗೆ ಹಣದ ಮಾತೇ ಇಲ್ಲ, ನೇರ ದೇಹಶಿಕ್ಷೆ. ಒಂದೇ ತಪ್ಪು, ಒಬ್ಬನದು ಚೀಲ ಹಗುರಾಯಿತು, ಇನ್ನೊಬ್ಬನದು ಮೈ ಸೀಳಿತು. ಇದನ್ನು ಓದಿ ಮುಗಿಸಿ ಮುಂದಿನ ಹಾಳೆ ತಿರುಗಿಸುವುದು ನನಗೆ ಸುಲಭವಾಗಲಿಲ್ಲ. ಕಳವಿನ ವಿಷಯದಲ್ಲಿ ಮಾತ್ರ ಮನು ಮೇಲಿನವರಿಗೆ ಹೆಚ್ಚು ದಂಡ ಹೇಳುತ್ತಾನೆ, ಸಾಮಾನ್ಯನಿಗೆ ಒಂದು ಕಾರ್ಷಾಪಣ ಬೀಳುವಲ್ಲಿ ರಾಜನಿಗೆ ಸಾವಿರ ಎನ್ನುತ್ತಾನೆ. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ದಂಡವನ್ನು ಆಡಳಿತದ ಕಣ್ಣಿನಿಂದ ನೋಡಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಅದು ಜಗತ್ತಿಗೆ ಮತ್ತೆ ದಕ್ಕಿದ್ದು ಮೈಸೂರಿನಿಂದ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಪ್ರತಿಯನ್ನು ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಆಳುವವನು ಯಾವಾಗಲೂ ದಂಡ ಎತ್ತಿಕೊಂಡೇ ಇರಬೇಕು ಎಂದು ಹಿಂದಿನ ಆಚಾರ್ಯರು ಹೇಳಿದ್ದರಂತೆ. ಕೌಟಿಲ್ಯ ಒಪ್ಪುವುದಿಲ್ಲ. ಕಠಿಣ ದಂಡದವನಿಗೆ ಜನ ಹೆದರಿ ದೂರವಾಗುತ್ತಾರೆ, ಮೆತ್ತನೆಯವನನ್ನು ಲೆಕ್ಕಕ್ಕಿಡುವುದಿಲ್ಲ, ತಕ್ಕ ದಂಡದವನನ್ನು ಗೌರವಿಸುತ್ತಾರೆ ಎನ್ನುತ್ತಾನೆ. ಸಾಹಸದ, ಅಂದರೆ ಬಲಪ್ರಯೋಗದ, ಅಪರಾಧಗಳಿಗೆ ಅವನು ದಂಡದ ಮೂರು ಮಟ್ಟ ಹಾಕುತ್ತಾನೆ. ಕೆಳಗಿನದು 48ರಿಂದ 96 ಪಣ, ನಡುವಿನದು 200ರಿಂದ 500, ಮೇಲಿನದು 500ರಿಂದ 1000.

ಅರ್ಥಶಾಸ್ತ್ರದಲ್ಲಿ ನಾನು ಮತ್ತೆ ಮತ್ತೆ ತೆರೆದು ಓದುವ ಜಾಗ ನಾಲ್ಕನೆಯ ಅಧಿಕರಣದ ಕೊನೆ. ದಂಡಕ್ಕೆ ಅರ್ಹನಲ್ಲದವನಿಗೆ ರಾಜ ದಂಡ ಹಾಕಿದರೆ ಅದರ ಮೂವತ್ತರಷ್ಟನ್ನು ರಾಜನೇ ತೆರಬೇಕು. ಆ ಹಣವನ್ನು ವರುಣನಿಗೆಂದು ನೀರಿಗೆ ಹಾಕಿ, ಆಮೇಲೆ ಬ್ರಾಹ್ಮಣರಿಗೆ ಕೊಡಬೇಕು. ಯಾಜ್ಞವಲ್ಕ್ಯ ಸ್ಮೃತಿಯೂ ಇದನ್ನೇ ಹೇಳುತ್ತದೆ. ಆ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ರಾಜರ ಮೇಲೂ ದಂಡ ಹಿಡಿದವನು ವರುಣ ಎಂಬ ನಂಬಿಕೆ ಇದರ ಹಿಂದಿದೆ. ಹಳ್ಳಿಗಳಲ್ಲಿ ತಪ್ಪು ಮಾಡಿದವನು ದೇವರ ಹುಂಡಿಗೆ ತಪ್ಪುಕಾಣಿಕೆ ಹಾಕುವುದೂ ಇದರ ನಂಟೇ ಎಂದು ನನಗೆ ತೋರುತ್ತದೆ. ಅನ್ಯಾಯವಾಗಿ ದಂಡ ತೆತ್ತವನಿಗೆ ಮೂವತ್ತರಲ್ಲಿ ಒಂದು ಪಾಲಾದರೂ ಹಿಂತಿರುಗಲಿ ಎಂದು ಆ ಸಾಲುಗಳು ಹೇಳಿದ್ದರೆ ನಾನು ಇನ್ನಷ್ಟು ಸಂತೋಷಪಡುತ್ತಿದ್ದೆ.

ದಂಡ ಆದಾಯವೂ ಆಗಿತ್ತು, ಇದು ಶಾಸನಗಳಲ್ಲಿ ಎದ್ದು ಕಾಣುತ್ತದೆ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಊರನ್ನು ದಾನ ಕೊಡುವಾಗ ಜೊತೆಗೆ ಏನೇನು ಸೇರುತ್ತದೆ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ 'ಸದಂಡದಶಾಪರಾಧ' ಎಂಬುದೂ ಒಂದು. ಹತ್ತು ಬಗೆಯ ಅಪರಾಧಗಳಿಗೆ ಬೀಳುವ ದಂಡದ ಹಣ ಇನ್ನು ಮುಂದೆ ದಾನ ಪಡೆದವನಿಗೆ ಎಂದರ್ಥ. ಗದ್ದೆ, ತೋಟದ ಜೊತೆಗೆ ಊರಿನವರು ಮುಂದೆ ಮಾಡಲಿರುವ ತಪ್ಪುಗಳೂ ಆಸ್ತಿಯಾದವು. ಲಕ್ಷ್ಮೇಶ್ವರದಲ್ಲಿ ಸಿಕ್ಕ, ಸುಮಾರು 725ರ ಕಾಲದ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನ ಶಾಸನ ಆ ಊರಿನ, ಅಂದರೆ ಅಂದಿನ ಪುಲಿಗೆರೆಯ, ಮಹಾಜನರಿಗೆ ಹಾಕಿಕೊಟ್ಟ ಆಚಾರವ್ಯವಸ್ಥೆ. ಅದರಲ್ಲೂ ತೆರಿಗೆಯ ಪಕ್ಕದಲ್ಲೇ ದಂಡ ಕುಳಿತಿದೆ. ದಂಡ ವಸೂಲಿಯಾದಷ್ಟೂ ಯಾರದೋ ಕಣಜ ತುಂಬುವುದಾದರೆ ತಪ್ಪು ಕಡಿಮೆಯಾಗಲಿ ಎಂದು ಯಾರು ಬಯಸುತ್ತಾರೆ? ಟ್ರಾಫಿಕ್ ದಂಡದಿಂದ ಇಷ್ಟು ಕೋಟಿ ಬಂತು ಎಂದು ಇವತ್ತಿನ ಪತ್ರಿಕೆಗಳಲ್ಲಿ ಓದುವಾಗಲೂ ನನಗೆ ಆ ತಾಮ್ರಪಟಗಳು ನೆನಪಾಗುತ್ತವೆ.

ಸೈನ್ಯ ಎಂಬ ಅರ್ಥದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜ್ಯದ ಏಳು ಅಂಗಗಳಲ್ಲಿ ಸೈನ್ಯಕ್ಕೆ ಕೌಟಿಲ್ಯ ಕೊಡುವ ಹೆಸರೇ ದಂಡ. ಅಲ್ಲಿಂದ ದಂಡನಾಯಕ, ನಮ್ಮ ಬಾಯಲ್ಲಿ ಅದು ದಣ್ಣಾಯಕ. ಸಮುದ್ರಗುಪ್ತನ ಪ್ರಶಸ್ತಿ ಬರೆದ ಹರಿಷೇಣ ಮಹಾದಂಡನಾಯಕನಾಗಿದ್ದ, ವಿಷ್ಣುವರ್ಧನನ ಗಂಗರಾಜ ದಂಡನಾಯಕನಾಗಿದ್ದ. ಹಂಪಿಯಲ್ಲಿ ಇವತ್ತಿಗೂ ದಣ್ಣಾಯಕನ ಆವರಣವಿದೆ. ಕನ್ನಡದಲ್ಲಿ ದಂಡು ಎಂದು ಉಕಾರ ಪಡೆದ ಮೇಲೆ ಅದಕ್ಕೆ ಬೇರೆಯೇ ಬಾಳು ಸಿಕ್ಕಿತು. ದಂಡೆತ್ತಿ ಬಂದರು, ದಂಡಯಾತ್ರೆ ಹೊರಟರು. ಯುದ್ಧದಲ್ಲಿ ನಂಟು ನೋಡಲಾಗದು ಎನ್ನಲು 'ದಂಡಿನಲ್ಲಿ ಸೋದರಮಾವನೇ' ಎಂಬ ಗಾದೆ ಹುಟ್ಟಿತು. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ಪಾಳೆಯ ಊರಿದಾಗ ಊರಿನವರು ಅದನ್ನು ದಂಡು ಎಂದೇ ಕರೆದರು. ರೈಲು ನಿಲ್ದಾಣದ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ.

ಇಷ್ಟೆಲ್ಲ ಹಿಡಿದವರ ಕಡೆಯ ಅರ್ಥಗಳು. ತೆತ್ತವರು ಈ ಪದಕ್ಕೆ ಕೊಟ್ಟ ಅರ್ಥ ಯಾವ ಧರ್ಮಶಾಸ್ತ್ರದಲ್ಲೂ ಇಲ್ಲ. ಉಕ್ಕಿದ ಹಾಲು ದಂಡ, ಕೆಲಸವಾಗದ ಓಡಾಟ ದಂಡ, ದುಡಿಯದೆ ಉಣ್ಣುವವನು ದಂಡಪಿಂಡ. 'ಕೂಳಿಗೆ ದಂಡ, ಭೂಮಿಗೆ ಭಾರ' ಎಂದು ನಮ್ಮಜ್ಜಿ ಬೈದರೆ ಮನೆಯ ಗಂಡಸರು ಎದ್ದು ಹೊಲದ ಕಡೆ ನಡೆಯುತ್ತಿದ್ದರು. ಸಂತೆಯಲ್ಲಿ ಹಣ ಕೊಟ್ಟರೆ ಉಪ್ಪೋ ಬಟ್ಟೆಯೋ ಸಿಗುತ್ತದೆ, ಗುಡಿಯಲ್ಲಿ ಕೊಟ್ಟರೆ ಪ್ರಸಾದ ಸಿಗುತ್ತದೆ. ದಂಡವೆಂದು ಕೊಟ್ಟ ಹಣಕ್ಕೆ ಏನೂ ಸಿಗುವುದಿಲ್ಲ. ಆ ಅನುಭವದಿಂದಲೇ ಈ ಅರ್ಥ ಬೆಳೆದಿರಬೇಕು. ನಾವೊಬ್ಬರೇ ಅಲ್ಲ, ತೆಲುಗಿನವರ ದಂಡುಗಕ್ಕೆ ಜುಲ್ಮಾನೆ ಎಂಬ ಅರ್ಥವೂ ಇದೆ, ವ್ಯರ್ಥ ಎಂಬ ಅರ್ಥವೂ ಇದೆ. ತಮಿಳಿನವರು ಕೂತು ತಿನ್ನುವವನನ್ನು ತಂಡಚ್ಚೋರು ಎಂದು ಮೂದಲಿಸುತ್ತಾರೆ. ನೆರೆಯ ಮೂರು ಭಾಷೆಗಳ ದುಡಿಯುವ ಜನ ಒಂದೇ ತೀರ್ಪಿಗೆ ಬಂದಿದ್ದಾರೆ. ಈ ಪದದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ.

ಈಗ ನಾನು ಕಣ್ಣಾರೆ ಕಂಡ ದಂಡಕ್ಕೆ ಬರುತ್ತೇನೆ. ಮೆಕಾಲೆ ಅಧ್ಯಕ್ಷತೆಯ ಆಯೋಗ 1837ರಲ್ಲಿ ಕರಡು ಮಾಡಿದ ಭಾರತೀಯ ದಂಡ ಸಂಹಿತೆ 1860ರಲ್ಲಿ ಕಾಯ್ದೆಯಾಯಿತು, 1862ರ ಜನವರಿ 1ರಿಂದ ಜಾರಿಗೆ ಬಂತು. ಹೆಸರಿನಲ್ಲಿ ದಂಡವಿದ್ದರೂ ಛಡಿ ಏಟು ಅದರಲ್ಲಿರಲಿಲ್ಲ. 1864ರಲ್ಲಿ ಪ್ರತ್ಯೇಕ ಕಾಯ್ದೆ ತಂದು ಏಟನ್ನು ಸೇರಿಸಿದರು. ಏಟಿನ ಶಿಕ್ಷೆ ರದ್ದಾದದ್ದು 1955ರಲ್ಲಿ. ಅಲ್ಲಿಯವರೆಗೂ ದಂಡ ಎಂಬ ಪದದೊಳಗಿನ ಮರದ ಕೋಲು ನಮ್ಮ ಕಾನೂನಿನಲ್ಲಿ ಜೀವಂತವಾಗಿತ್ತು.

ಕೋಲು ಹೋಯಿತು, ಹಣ ಉಳಿಯಿತು. ದಂಡ ಸಂಹಿತೆಯ 510ನೆಯ ಕಲಂ ಪ್ರಕಾರ ಕುಡಿದು ಸಾರ್ವಜನಿಕ ಸ್ಥಳದಲ್ಲಿ ಕಿರಿಕಿರಿ ಮಾಡಿದವನಿಗೆ 24 ಗಂಟೆಯವರೆಗೆ ಸಾದಾ ಸಜೆ ಅಥವಾ 10 ರೂಪಾಯಿವರೆಗೆ ದಂಡ. 1860ರಲ್ಲಿ ಹತ್ತು ರೂಪಾಯಿ ಎಂದರೆ ಕೂಲಿಯವನ ತಿಂಗಳ ದುಡಿಮೆಯನ್ನು ಮೀರಿಸುವ ಮೊತ್ತ. 2024ರವರೆಗೂ ಪುಸ್ತಕದಲ್ಲಿ ಅದೇ ಹತ್ತು ರೂಪಾಯಿ. ಮೊತ್ತ ಸವೆದುಹೋಗಿ ದಂಡ ಹಗುರಾಯಿತು ಎನ್ನಬಹುದು. ಆದರೆ 67ನೆಯ ಕಲಮನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ದಂಡವೊಂದೇ ಶಿಕ್ಷೆಯಾಗಿರುವ ಅಪರಾಧದಲ್ಲಿ ಹಣ ಕಟ್ಟದಿದ್ದರೆ, ದಂಡ 50 ರೂಪಾಯಿವರೆಗಿದ್ದಲ್ಲಿ ಎರಡು ತಿಂಗಳವರೆಗೆ ಸಾದಾ ಸಜೆ, 100 ರೂಪಾಯಿವರೆಗಿದ್ದಲ್ಲಿ ನಾಲ್ಕು ತಿಂಗಳವರೆಗೆ. ನೂರು ರೂಪಾಯಿಗೆ ನಾಲ್ಕು ತಿಂಗಳು! 70ನೆಯ ಕಲಂ ಇನ್ನೂ ಮುಂದೆ ಹೋಗಿ, ದಂಡ ಬಾಕಿಯಿಟ್ಟು ಅಪರಾಧಿ ಸತ್ತರೂ ಅವನ ಸಾಲಕ್ಕೆ ಗುರಿಯಾಗುವ ಆಸ್ತಿ ಈ ಬಾಕಿಗೂ ಗುರಿಯಾಗುತ್ತದೆ ಎನ್ನುತ್ತಿತ್ತು.

ಯುಗಾದಿ ಕಳೆದ ವಾರಗಳಲ್ಲಿ ನಮ್ಮ ಕೋರ್ಟಿನ ತುಂಬ ಇಸ್ಪೀಟಿನ ಪೆಟ್ಟಿ ಕೇಸುಗಳು. ಹಬ್ಬಕ್ಕೆ ಊರಿಗೆ ಬಂದು ಅರಳಿಕಟ್ಟೆಯಲ್ಲಿ ಎಲೆ ಹಾಕಿ ಕೂತವರು ಗುಂಪಾಗಿ ಬರುತ್ತಿದ್ದರು. ಸಾಹೇಬರು ಒಬ್ಬೊಬ್ಬರನ್ನೇ ಕೇಳುವರು, 'ತಪ್ಪು ಒಪ್ಪಿಕೊಳ್ತೀರಾ?' 'ಒಪ್ಕೋತೀನಿ ಸ್ವಾಮಿ.' ದಂಡ ಇಷ್ಟು, ತಪ್ಪಿದಲ್ಲಿ ಇಷ್ಟು ದಿನ ಸಾದಾ ಸಜೆ. ಅಂಗಡಿ ಇಟ್ಟವನೊಬ್ಬ ಐನೂರರ ನೋಟು ನೀಡಿ ಚಿಲ್ಲರೆ ಎಣಿಸಿಕೊಂಡು, ಹೊರಗೆ ನಿಲ್ಲಿಸಿದ್ದ ಬೈಕು ಹತ್ತಿ ಹೋದ. ಅವನ ಜೊತೆಗೇ ಆಡಿ ಅಷ್ಟೇ ದಂಡ ಹಾಕಿಸಿಕೊಂಡ ಕೂಲಿಯವನ ಹೆಂಡತಿ ವರಾಂಡದಲ್ಲಿ ಕೂತು ಎಲೆಅಡಿಕೆ ಸಂಚಿಯ ಅರೆಗಳಿಂದ ಹತ್ತರ, ಇಪ್ಪತ್ತರ ನೋಟು ತೆಗೆದು ಸುಕ್ಕು ಬಿಡಿಸುತ್ತಿದ್ದಳು. ನೋಟುಗಳಿಗೆ ಸುಣ್ಣದ ಬಿಳಿ ಹತ್ತಿತ್ತು. ಎಣಿಸಿದಳು, ಸಾಲಲಿಲ್ಲ. ಇನ್ನೊಂದು ಸಲ ಎಣಿಸಿದಳು. ಸಂಜೆ ಕೋರ್ಟು ಏಳುವುದರೊಳಗೆ ಹಣ ಬರದಿದ್ದರೆ ಗಂಡ ಜೈಲಿಗೆ ಹೋಗುತ್ತಾನೆ ಎಂದು ಅವಳಿಗೆ ಪೊಲೀಸಿನವರು ಹೇಳಿದ್ದರು. ಅವಳು ಎದ್ದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ನಾದಿನಿಯ ಹತ್ತಿರ ಓಡಿದಳು. ಆ ದಿನ ಹಣ ಹೊಂದಿತು. ಹೊಂದದ ದಿನಗಳೂ ಇದ್ದವು. ಅಂಥ ಸಂಜೆ ವಾರಂಟು ಬರೆಯುವ ಕೆಲಸವೂ ನಮ್ಮ ಸೆಕ್ಷನ್ನಿನದೇ.

ವರ್ಣ ನೋಡಿ ದಂಡ ಹಾಕುವ ಕಾಲ ಮುಗಿಯಿತು, ಕಾನೂನಿನ ಎದುರು ಎಲ್ಲರೂ ಸಮಾನರು, ಇದು ಸಣ್ಣ ಗೆಲುವಲ್ಲ. ಆದರೆ ಒಂದೇ ಮೊತ್ತ ಒಬ್ಬನಿಗೆ ಚಿಲ್ಲರೆ, ಇನ್ನೊಬ್ಬನಿಗೆ ಜೈಲು. ಹಣವಿದ್ದವನಿಗೆ ದಂಡ, ಇಲ್ಲದವನಿಗೆ ದೇಹಶಿಕ್ಷೆ ಎಂಬ ಮನುವಿನ ಪಟ್ಟಿ ಬೇರೆ ಬಾಗಿಲಿನಿಂದ ಒಳಗೆ ಬಂದು ಕೂತಿದೆ ಎಂದೇ ನಾನು ನಂಬಿದ್ದೇನೆ.

2024ರ ಜುಲೈ 1ರಂದು ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕಾಯ್ದೆಯ ಹೆಸರಿನಿಂದ ದಂಡ ಇಳಿಯಿತು, ಒಳಗೆ ಮೊತ್ತಗಳು ಏರಿದವು. ಕುಡಿದು ಕಿರಿಕಿರಿ ಮಾಡಿದವನ ಹತ್ತು ರೂಪಾಯಿ ಈಗ ಸಾವಿರ. ದಂಡ ತಪ್ಪಿದವನಿಗೆ 5,000 ರೂಪಾಯಿವರೆಗಾದರೆ ಎರಡು ತಿಂಗಳು, 10,000ದವರೆಗಾದರೆ ನಾಲ್ಕು ತಿಂಗಳು, ಅದಕ್ಕೂ ಮೀರಿದರೆ ಒಂದು ವರ್ಷದವರೆಗೆ ಸಜೆ. ಹಿಂದೆ ಈ ಕೊನೆಯ ಮಿತಿ ಆರು ತಿಂಗಳಿತ್ತು. ಹೊಸದಾಗಿ ಸೇರಿದ್ದು ಸಮುದಾಯ ಸೇವೆ. ಕುಡಿದ ಪ್ರಕರಣದಲ್ಲೂ, ಮೊದಲ ಸಲ ಸಿಕ್ಕಿಬಿದ್ದು 5,000 ರೂಪಾಯಿಗಿಂತ ಕಡಿಮೆಯ ಕಳವಿನ ಮಾಲನ್ನು ಹಿಂತಿರುಗಿಸಿದವನ ಪ್ರಕರಣದಲ್ಲೂ ಅದನ್ನು ವಿಧಿಸಬಹುದು. ಕೂಲಿ ಮಾಡುವವನ ಬಳಿ ಹಣವಿಲ್ಲ, ಕೈ ಇದೆ. ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯುವುದು, ಆಸ್ಪತ್ರೆಯ ಅಂಗಳ ಗುಡಿಸುವುದು ಅವನಿಗೆ ಅಸಾಧ್ಯವೇನಲ್ಲ. ಆ ದಂಡದಿಂದ ಊರಿಗೆ ಒಂದು ಕೆಲಸವಾಗುತ್ತದೆ, ಮನೆಯ ಅಕ್ಕಿಗೆ ಕೈ ಬೀಳುವುದಿಲ್ಲ. ಇದನ್ನು ಇನ್ನೂ ಹೆಚ್ಚು ಅಪರಾಧಗಳಿಗೆ ಹಿಗ್ಗಿಸಬೇಕು.

ಇನ್ನೊಂದು ಸಂಗತಿ ಹೆಚ್ಚು ಜನಕ್ಕೆ ಗೊತ್ತಾಗಿಲ್ಲ. ಬಡ ಕೈದಿಗಳಿಗೆ ನೆರವಾಗುವ ಯೋಜನೆಯೊಂದನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದಿದೆ. ಶಿಕ್ಷೆಯ ಅವಧಿ ಮುಗಿದರೂ ದಂಡ ಕಟ್ಟಲಾಗದೆ ಒಳಗೇ ಉಳಿದವರಿಗಾಗಿ 25,000 ರೂಪಾಯಿವರೆಗೆ, ಜಾಮೀನು ಸಿಕ್ಕೂ ಹಣವಿಲ್ಲದ ವಿಚಾರಣಾಧೀನ ಕೈದಿಗಳಿಗಾಗಿ ಯೋಜನೆ ಬಂದಾಗಿನ ನಿಯಮದಂತೆ 40,000 ರೂಪಾಯಿವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದು. ಹಣ ಕೈದಿಯ ಕೈಗೆ ಬರುವುದಿಲ್ಲ, ನೇರ ಕೋರ್ಟಿಗೆ ಕಟ್ಟುತ್ತಾರೆ. ನಿಮ್ಮ ಊರಿನವರು ಯಾರಾದರೂ ದಂಡದ ಬಾಕಿಗಾಗಿಯೇ ಜೈಲಿನಲ್ಲಿದ್ದರೆ ಜೈಲಿನ ಸೂಪರಿಂಟೆಂಡೆಂಟರನ್ನು ಕಾಣಿ, ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಹೇಳಿ. ಅದು ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ.